ಸಣ್ಣ ಏರ್‌ಸ್ಟ್ರಿಪ್‌ನಲ್ಲಿ ವಿಮಾನಕ್ಕೆ ಪೆಟ್ಟಾದರೆ ಯಾರಿಗೆ, ಯಾವಾಗ ತಿಳಿಸಬೇಕು?

ಕೊತ್ರೂಡ್ ವಾಸಿ:

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು. ಪುಣೆಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಮಗಳು ಈ ಜಿಲ್ಲೆಯ ಒಂದು ಸಣ್ಣ ಏರ್‌ಸ್ಟ್ರಿಪ್‌ನಲ್ಲಿರುವ ಶಾಲೆಯಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗಾಗಿ ತರಬೇತಿ ಪಡೆಯುತ್ತಿದ್ದಾಳೆ. ಶಾಲೆಯ ಹೆಸರು ಇಲ್ಲಿ ಹೇಳುವುದಿಲ್ಲ, ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ. ಇತ್ತೀಚೆಗೆ ಅವಳು ಸೆಸ್ನಾ 172ರಲ್ಲಿ ಒಬ್ಬಳೇ ಸರ್ಕ್ಯೂಟ್ (ಏರ್‌ಸ್ಟ್ರಿಪ್ ಸುತ್ತ ಒಂದು ಸುತ್ತು) ಹಾರಿ ಇಳಿಯುವಾಗ ವಿಮಾನ ಒಮ್ಮೆ ಪುಟಿದು, ಎರಡನೆಯ ಸಲ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುವಂತೆ ನೆಲ ಮುಟ್ಟಿದೆ. ಪ್ರೊಪೆಲ್ಲರಿನ ತುದಿ ರನ್‌ವೇಗೆ ತಾಗಿ ಬಾಗಿದೆ. ದೇವರ ದಯೆಯಿಂದ ಮಗಳಿಗೆ ಏನೂ ಆಗಿಲ್ಲ.

ನನಗೆ ಸರಿಬರದೆ ಇದ್ದದ್ದು ಅದರ ನಂತರ ನಡೆದ ಸಂಗತಿ. ಕೆಲವೇ ನಿಮಿಷಗಳಲ್ಲಿ ನಾಲ್ಕಾರು ಜನ ಸೇರಿ ವಿಮಾನವನ್ನು ತಳ್ಳಿಕೊಂಡು ಹೋಗಿ ಹ್ಯಾಂಗರಿನಲ್ಲಿಟ್ಟು ಬಾಗಿಲು ಎಳೆದರಂತೆ. ಸಂಜೆ ಅವಳ ಮುಂದೆ ಆಗಲೇ ಟೈಪು ಮಾಡಿದ್ದ ಒಂದು ಹೇಳಿಕೆಯನ್ನಿಟ್ಟು ಸಹಿ ಮಾಡು ಎಂದಿದ್ದಾರೆ. ಅದರಲ್ಲಿ "ಟ್ಯಾಕ್ಸಿ ಮಾಡುವಾಗ ರನ್‌ವೇ ಅಂಚಿನ ತಗ್ಗಿಗೆ ಗಾಲಿ ಇಳಿಯಿತು" ಎಂದು ಬರೆದಿತ್ತು (ಟ್ಯಾಕ್ಸಿ ಎಂದರೆ ವಿಮಾನ ನೆಲದ ಮೇಲೆ ನಿಧಾನವಾಗಿ ಸಾಗುವುದು). ಅವಳು ಸಹಿ ಮಾಡಿಲ್ಲ. "ಇದು ಚಿಕ್ಕ ವಿಷಯ, ಡಿಜಿಸಿಎವರೆಗೆ (ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಒಯ್ದರೆ ನಿನ್ನ ಲೈಸೆನ್ಸಿಗೇ ತೊಂದರೆ" ಎಂದು ಹೇಳಿದ್ದಾರೆ. ಇದು ನಿಜವಾಗಿಯೂ ಚಿಕ್ಕ ವಿಷಯವೇ? ತಿಳಿಸುವ ಹೊಣೆ ಯಾರದು? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಇನ್‌ಸ್ಟ್ರಕ್ಟರ್, ಪುಣೆ ಗ್ರಾಮಾಂತರ:

ಸರ್, ಮಗಳು ಸಹಿ ಮಾಡದೆ ಇದ್ದದ್ದು ಸರಿಯಾಯಿತು. ನಡೆದದ್ದನ್ನು ಅವಳೇ ತನ್ನ ಮಾತಿನಲ್ಲಿ, ನೆನಪು ಹಸಿಯಾಗಿರುವಾಗಲೇ ಬರೆದು, ದಿನಾಂಕ ಹಾಕಿ, ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳಲಿ. ಗಾಳಿ ಯಾವ ಕಡೆಯಿಂದ ಇತ್ತು, ಅಪ್ರೋಚಿನಲ್ಲಿ ವೇಗ ಎಷ್ಟಿತ್ತು, ಫ್ಲ್ಯಾಪ್ ಎಷ್ಟು ಇಳಿಸಿದ್ದಳು, ಪುಟಿದ ಮೇಲೆ ಪವರ್ ಕೊಟ್ಟಳೇ ಇಲ್ಲವೇ ಎಂಬುದನ್ನೆಲ್ಲ ಬರೆಯಲಿ. "ನಾನು ಹೀಗೆ ಮಾಡಬೇಕಿತ್ತು" ಎಂಬ ವಿಮರ್ಶೆ ಅದರಲ್ಲಿ ಬೇಡ; ಅದು ತನಿಖೆ ಮಾಡುವವರ ಕೆಲಸ. ಉಳಿದದ್ದನ್ನು ಹಿರಿಯರು ಹೇಳುತ್ತಾರೆ.

ನಿವೃತ್ತ ಎಎಂಇ, ಸಾಂತಾಕ್ರೂಜ್:

ಕೊತ್ರೂಡ್ ಅವರೇ, "ಚಿಕ್ಕ ವಿಷಯವೇ" ಎಂಬ ಪ್ರಶ್ನೆಗೆ ಉತ್ತರವನ್ನು ಹ್ಯಾಂಗರಿನ ಬಾಗಿಲಲ್ಲಿ ನಿಂತವರು ಹೇಳಲಾರರು, ವಿಮಾನ ನಿರ್ವಹಣೆಯ ಎಂಜಿನಿಯರ್ (ಎಎಂಇ) ಆಗಿದ್ದ ನಾನೂ ಇಲ್ಲಿ ಕುಳಿತು ಹೇಳಲಾರೆ. ಕೌಲಿಂಗ್ (ಎಂಜಿನ್ನಿನ ಹೊದಿಕೆ) ಬಿಚ್ಚಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಿರುವುದರಿಂದಲೇ ಮೊದಲು ತಿಳಿಸಬೇಕು, ಅದು ಯಾವ ವರ್ಗಕ್ಕೆ ಸೇರುತ್ತದೆ ಎಂಬುದು ಆಮೇಲೆ ತೀರ್ಮಾನವಾಗಬೇಕು. ನಮ್ಮಲ್ಲಿ ಬಹುತೇಕ ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ: ಮೊದಲು "ಇದು ಚಿಕ್ಕದು" ಎಂದು ತೀರ್ಮಾನಿಸಿ, ಆ ತೀರ್ಮಾನದ ಬಲದ ಮೇಲೆ ಯಾರಿಗೂ ತಿಳಿಸದೆ ಬಿಡುತ್ತಾರೆ.

ವರ್ಗಗಳು ಮೂರು: ಅಪಘಾತ, ಗಂಭೀರ ಘಟನೆ, ಘಟನೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ವ್ಯಾಖ್ಯೆಯನ್ನೇ ನಮ್ಮ ನಿಯಮಗಳೂ ಅನುಸರಿಸುತ್ತವೆ. ಹಾರುವ ಉದ್ದೇಶದಿಂದ ಒಬ್ಬರು ವಿಮಾನ ಹತ್ತಿದ ಕ್ಷಣದಿಂದ ಎಲ್ಲರೂ ಇಳಿಯುವವರೆಗಿನ ಅವಧಿಯಲ್ಲಿ ಯಾರಾದರೂ ಸತ್ತರೆ, ಗಂಭೀರವಾಗಿ ಗಾಯಗೊಂಡರೆ, ಅಥವಾ ವಿಮಾನದ ರಚನೆಯ ಬಲವನ್ನು ಕುಗ್ಗಿಸಿ ದೊಡ್ಡ ರಿಪೇರಿ ಬೇಡುವಂಥ ಹಾನಿಯಾದರೆ ಅದು ಅಪಘಾತ. ಒಂದೇ ಎಂಜಿನ್ನಿಗೆ ಸೀಮಿತವಾದ ಹಾನಿ, ಪ್ರೊಪೆಲ್ಲರ್, ರೆಕ್ಕೆಯ ತುದಿ, ಆಂಟೆನಾ, ಟೈರು, ಬ್ರೇಕು, ಗಾಲಿ, ವಿಮಾನದ ಹೊರತಗಡಿನ ಮೇಲಿನ ಸಣ್ಣ ತಗ್ಗುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯವರು ಹಿಡಿದುಕೊಂಡಿರುವುದು ಈ ವಿನಾಯಿತಿಯನ್ನೇ ಇರಬೇಕು. ಪ್ರೊಪೆಲ್ಲರ್ ಮಾತ್ರ ಬಾಗಿದ್ದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ.

ಆದರೆ ಸೆಸ್ನಾ 172ರ ಮುಂದಿನ ಗಾಲಿಯ ಸ್ಟ್ರಟ್ ಕೂರುವುದು ಫೈರ್‌ವಾಲ್‌ಗೆ, ಅಂದರೆ ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಲೋಹದ ಗೋಡೆಗೆ. ಮೂಗು ಮೊದಲು ನೆಲಕ್ಕೆ ಬಡಿದ 172ರಲ್ಲಿ ಅನುಭವವಿರುವ ಯಾವ ಎಎಂಇಯಾದರೂ ಮೊದಲು ಟಾರ್ಚು ಹಿಡಿಯುವುದು ಆ ಗೋಡೆಯ ಕೆಳಭಾಗಕ್ಕೆ. ಅಲ್ಲಿ ತಗಡು ಸುಕ್ಕುಗಟ್ಟಿದೆಯೇ, ರಿವೆಟ್ಟುಗಳ ಸುತ್ತ ಕಪ್ಪು ಪುಡಿ ಕಾಣುತ್ತದೆಯೇ, ರಡ್ಡರ್ ಪೆಡಲ್ ಬಿಗಿಯುತ್ತದೆಯೇ ಎಂದು ನೋಡುತ್ತಾರೆ. ಫೈರ್‌ವಾಲ್ ಸುಕ್ಕಾಗಿದ್ದರೆ ಅದು ರಚನೆಯ ಹಾನಿ. ಹೊರಗಿನಿಂದ ನೋಡುವವರಿಗೆ ಬಾಗಿದ ಪ್ರೊಪೆಲ್ಲರ್ ಬಿಟ್ಟು ಬೇರೇನೂ ಕಾಣದಿದ್ದರೂ ಕಾಗದದ ಮೇಲೆ ಅದು ಅಪಘಾತವಾಗುತ್ತದೆ.

ಇನ್ನು ಎಂಜಿನ್ನು. 172ರ ಈಚಿನ ಮಾದರಿಗಳಲ್ಲಿರುವುದು ಲೈಕೊಮಿಂಗ್. ಪ್ರೊಪೆಲ್ಲರ್ ಯಾವುದಕ್ಕಾದರೂ ಬಡಿದರೆ ಏನು ಮಾಡಬೇಕೆಂದು ಆ ಕಂಪನಿಯ 533ನೇ ಸರ್ವಿಸ್ ಬುಲೆಟಿನ್ ಹೇಳುತ್ತದೆ. ಬ್ಲೇಡನ್ನು ಅರದಿಂದ ಸ್ವಲ್ಪ ಉಜ್ಜಿ ಸರಿಮಾಡುವುದಕ್ಕಿಂತ ಹೆಚ್ಚಿನ ರಿಪೇರಿ ಬೇಕಾದರೆ ಅದನ್ನು ಪ್ರೊಪೆಲ್ಲರ್ ಸ್ಟ್ರೈಕ್ ಎಂದೇ ಎಣಿಸಿ ಎಂಜಿನ್ ಬಿಚ್ಚಿ ಪರೀಕ್ಷಿಸಬೇಕು. ಕಾರಣವೂ ಸ್ಪಷ್ಟವಿದೆ. ತಿರುಗುತ್ತಿರುವ ಕ್ರ್ಯಾಂಕ್‌ಶಾಫ್ಟ್‌ಗೆ ಥಟ್ಟನೆ ತಡೆ ಬಿದ್ದಾಗ ಅದರ ಹಿಂತುದಿಯ ಗೇರನ್ನು ಹಿಡಿದಿರುವ ಬೋಲ್ಟ್ ಮತ್ತು ಡೋವೆಲ್ ಪೆಟ್ಟು ತಿನ್ನುತ್ತವೆ. ಕ್ಯಾಮ್‌ಶಾಫ್ಟನ್ನೂ ಕಿಡಿ ಕೊಡುವ ಮ್ಯಾಗ್ನೆಟೊಗಳನ್ನೂ ನಡೆಸುವುದು ಆ ಗೇರೇ ಆದ್ದರಿಂದ ಅದು ಜಾರಿದ ದಿನ ಎಂಜಿನ್ ಪೂರ್ತಿಯಾಗಿ ನಿಲ್ಲುತ್ತದೆ. ಆ ದಿನ ಕಾಕ್‌ಪಿಟ್ಟಿನಲ್ಲಿ ಬೇರೆ ಯಾರದೋ ಮಗು ಕುಳಿತಿರುತ್ತದೆ. ಹೇಳಿಕೆಯಲ್ಲಿ "ಟ್ಯಾಕ್ಸಿ" ಎಂದು ಬರೆಸುವ ಆತುರ ನನ್ನನ್ನು ಕಳವಳಕ್ಕೀಡುಮಾಡುವುದು ಇದೇ ಕಾರಣಕ್ಕೆ. ಎಷ್ಟು ವೇಗದಲ್ಲಿ, ಎಷ್ಟು ಪವರಿನಲ್ಲಿ ಬಡಿಯಿತು ಎಂಬ ಮಾಹಿತಿ ಸುಳ್ಳಾದರೆ ಮುಂದಿನ ಪರೀಕ್ಷೆಯೂ ಅಷ್ಟಕ್ಕೇ ನಿಲ್ಲುತ್ತದೆ.

ಏರ್‌ಸ್ಟ್ರಿಪ್ ಮೇಲ್ವಿಚಾರಕ:

ಹಿರಿಯರ ಮಾತಿಗೆ ಎದುರಾಡುತ್ತಿಲ್ಲ, ಆದರೆ ನಮ್ಮ ಕಡೆಯ ಪಾಡೂ ತಿಳಿದಿರಲಿ. ನಮ್ಮಲ್ಲಿರುವುದು ಒಂದೇ ರನ್‌ವೇ. ಏರ್‌ಪೋರ್ಟ್ಸ್ ಅಥಾರಿಟಿಯ ಟವರ್ ಇಲ್ಲ. ಶಾಲೆಯವರೇ ರೇಡಿಯೊದಲ್ಲಿ ಕುಳಿತು ಮಾಹಿತಿ ಕೊಡುತ್ತಾರೆ. ಒಂದು ವಿಮಾನ ರನ್‌ವೇ ನಡುವೆ ಕೂತುಬಿಟ್ಟಾಗ ಮೇಲೆ ಇನ್ನೂ ಇಬ್ಬರು ಮೂವರು ವಿದ್ಯಾರ್ಥಿಗಳಿದ್ದು, ಅವರಲ್ಲಿ ಒಬ್ಬ ಮೊದಲ ಸಲ ಒಬ್ಬನೇ (ಸೋಲೋ) ಹಾರುತ್ತಿದ್ದರೆ, ಡಿಜಿಸಿಎಯ ಮುಂಬೈ ಕಚೇರಿಯಿಂದ ಅನುಮತಿ ಬರುವವರೆಗೆ ಕೈಕಟ್ಟಿ ನಿಲ್ಲಲು ಸಾಧ್ಯವೇ? ಇನ್ನೊಂದು ಕಡೆ ಬೇಲಿಯಾಚೆ ಮೊಬೈಲ್ ಹಿಡಿದ ಜನ ಸೇರುತ್ತಾರೆ, ಅರ್ಧ ಗಂಟೆಯಲ್ಲಿ ಮರಾಠಿ ಟಿವಿಯಲ್ಲಿ "ವಿಮಾನ ಕೋಸಳಲೆ" (ವಿಮಾನ ಬಿತ್ತು) ಎಂದು ಪಟ್ಟಿ ಓಡುತ್ತದೆ. ಆಗ ಮಾಲೀಕರಿಂದ ಬರುವ ಮೊದಲ ಫೋನು "ವಿಮಾನ ಇನ್ನೂ ಅಲ್ಲೇ ಏಕಿದೆ" ಎಂಬುದು.

ನಿವೃತ್ತ ಎಎಂಇ, ಸಾಂತಾಕ್ರೂಜ್:

ನೀವು ಹೇಳುವ ಕಷ್ಟ ನಿಜವಾದದ್ದೇ, ನಿಯಮ ಬರೆದವರಿಗೂ ಅದು ತಿಳಿದಿತ್ತು. ಅಪಘಾತ ಮತ್ತು ಗಂಭೀರ ಘಟನೆಗಳ ತನಿಖೆಯ 2017ರ ನಿಯಮಗಳಲ್ಲಿ, ಡಿಜಿಸಿಎ ಅಥವಾ ವಿಮಾನ ಅಪಘಾತ ತನಿಖಾ ಸಂಸ್ಥೆಯಾದ ಎಎಐಬಿಯ ಅನುಮತಿಯಿಲ್ಲದೆ ವಿಮಾನವನ್ನು ಸರಿಸಬಾರದು, ಮುಟ್ಟಬಾರದು ಎಂದಿದೆ. ಅದರ ಜೊತೆಗೇ ವಿನಾಯಿತಿಗಳೂ ಇವೆ: ಒಳಗೆ ಸಿಕ್ಕಿಕೊಂಡವರನ್ನು ಹೊರತೆಗೆಯಲು, ಬೆಂಕಿಯಿಂದ ಉಳಿಸಲು, ಜನರಿಗೆ ಅಥವಾ ವಿಮಾನ ಸಂಚಾರಕ್ಕೆ ಅಪಾಯವೋ ಅಡಚಣೆಯೋ ಆಗದಂತೆ ತಡೆಯಲು ಎಷ್ಟು ಅಗತ್ಯವೋ ಅಷ್ಟು ಮಾತ್ರ ಸರಿಸಬಹುದು. ಮೇಲೆ ಮಕ್ಕಳು ಸುತ್ತುತ್ತಿದ್ದರೆ ವಿಮಾನವನ್ನು ರನ್‌ವೇ ಪಕ್ಕದ ಹುಲ್ಲಿಗೆ ಇಳಿಸಿ, ಯಾರೂ ಆಕ್ಷೇಪಿಸುವುದಿಲ್ಲ. "ಎಷ್ಟು ಅಗತ್ಯವೋ ಅಷ್ಟು" ಎಂಬುದು ಹುಲ್ಲಿನಲ್ಲೇ ಮುಗಿಯುತ್ತದೆ, ಹ್ಯಾಂಗರಿನವರೆಗೆ ಹೋಗುವುದಿಲ್ಲ.

ಸರಿಸುವ ಮುನ್ನ ಫೋಟೊ ತೆಗೆಯಲು ಎರಡು ನಿಮಿಷ ಸಾಕು. ದೂರದಿಂದ ನಾಲ್ಕು ದಿಕ್ಕಿನಿಂದಲೂ ವಿಮಾನವನ್ನು, ಬಳಿಕ ಒಳಗೆ ಫ್ಲ್ಯಾಪ್ ಲಿವರ್, ಟ್ರಿಮ್ ಚಕ್ರ, ಇಂಧನದ ಸೆಲೆಕ್ಟರ್, ಥ್ರಾಟಲ್, ಮಿಕ್ಸ್ಚರ್ ಇವುಗಳ ಸ್ಥಾನವನ್ನು ಹಿಡಿಯಬೇಕು. ಸುರಕ್ಷತೆಗಾಗಿ ಇಂಧನ ಬಂದ್ ಮಾಡಿ ಮಾಸ್ಟರ್ ಸ್ವಿಚ್ ಆರಿಸಿದ್ದರೆ ಅದು ತಪ್ಪಲ್ಲ, ಮಾಡಲೇಬೇಕಾದದ್ದು. ಯಾರು ಏನನ್ನು ಬದಲಿಸಿದರು ಎಂದು ಕೂಡಲೇ ಬರೆದಿಡಿ. ವಿಮಾನದಲ್ಲಿ ಗಾರ್ಮಿನ್ ಜಿ1000 (ಪರದೆಯ ಉಪಕರಣ ಫಲಕ) ಇದ್ದರೆ ಅದರ ಮೆಮೊರಿ ಕಾರ್ಡಿನಲ್ಲಿ ವೇಗ, ಎತ್ತರ, ಎಂಜಿನ್ ಆರ್‌ಪಿಎಂ ಎಲ್ಲವೂ ಸೆಕೆಂಡಿಗೊಮ್ಮೆ ದಾಖಲಾಗಿರುತ್ತದೆ. "ನೋಡೋಣ ಏನಾಯಿತೆಂದು" ಕಾರ್ಡನ್ನು ಕಿತ್ತು ತಮ್ಮ ಲ್ಯಾಪ್‌ಟಾಪಿಗೆ ಹಾಕುವ ಉತ್ಸಾಹ ಬಹಳ ಕಡೆ ಇದೆ. ಅದು ಬೇಡ, ಇದ್ದಲ್ಲೇ ಇರಲಿ.

ಹಳೆಯ ಮುಳ್ಳಿನ ಮೀಟರುಗಳ ಕಾಕ್‌ಪಿಟ್ ಆಗಿದ್ದರೆ ದಾಖಲೆಯಿರುವುದು ಡಾಂಬರಿನ ಮೇಲೆ. ಪ್ರೊಪೆಲ್ಲರ್ ರನ್‌ವೇ ಕೊರೆದ ಗೀರುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯಿರಿ. ಎರಡು ಬ್ಲೇಡಿನ ಪ್ರೊಪೆಲ್ಲರ್ 2000 ಆರ್‌ಪಿಎಂನಲ್ಲಿ ತಿರುಗುತ್ತಾ ವಿಮಾನ 60 ನಾಟ್ ವೇಗದಲ್ಲಿ ಸಾಗುತ್ತಿದ್ದರೆ ಗೀರಿನಿಂದ ಗೀರಿಗೆ ಸುಮಾರು 46 ಸೆಂಟಿಮೀಟರ್ ಅಂತರ ಬರುತ್ತದೆ. ಅದೇ ವೇಗದಲ್ಲಿ 1000 ಆರ್‌ಪಿಎಂ ಆಗಿದ್ದರೆ ಅಂತರ ಇಮ್ಮಡಿಯಾಗುತ್ತದೆ. ನಡೆಯುವ ವೇಗದ ಟ್ಯಾಕ್ಸಿಯಲ್ಲಿ ಗೀರುಗಳು ಒಂದರ ಪಕ್ಕ ಒಂದು, ಒಂದೆರಡು ಬೆರಳಗಲದಲ್ಲಿ ಬೀಳುತ್ತವೆ. ಕೊತ್ರೂಡ್ ಅವರೇ, ಆ ಗೀರುಗಳು ಇನ್ನೂ ಅಲ್ಲಿದ್ದರೆ ಆ ಟೈಪು ಮಾಡಿದ ಹೇಳಿಕೆಯನ್ನು ಅಲ್ಲಗಳೆಯಲು ಬೇರೆ ಸಾಕ್ಷಿ ಬೇಡ.

ಮಾಜಿ ನೌಕಾಪಡೆ, ವಾಸ್ಕೋ:

ಗೋವಾದಿಂದ ಒಂದು ಮಾತು ಸೇರಿಸುತ್ತೇನೆ. ದಾಬೋಳಿ ನೌಕಾಪಡೆಯ ಐಎನ್‌ಎಸ್ ಹಂಸ, ಪುಣೆಯ ಲೋಹಗಾಂವ್ ವಾಯುಪಡೆಯ ನಿಲ್ದಾಣ. ಇಂಥ ಕಡೆ ನಾಗರಿಕ ವಿಮಾನಕ್ಕೆ ಏನಾದರೂ ಆದರೆ ಟವರ್, ಅಗ್ನಿಶಾಮಕ ದಳ, ರನ್‌ವೇ ಮುಚ್ಚುವ ಅಧಿಕಾರ ಎಲ್ಲವೂ ಸೇನೆಯದು, ತನಿಖೆ ಮಾತ್ರ ನಾಗರಿಕ ಸಂಸ್ಥೆಯದು. 2016ರ ಡಿಸೆಂಬರ್ 27ರಂದು ದಾಬೋಳಿಯಲ್ಲಿ ಜೆಟ್ ಏರ್‌ವೇಸ್‌ನ ಬೋಯಿಂಗ್ 737 ಟೇಕಾಫ್ ಓಟದಲ್ಲಿ ರನ್‌ವೇ ಬಿಟ್ಟು ಜಾರಿದಾಗಲೂ ತನಿಖೆ ಎಎಐಬಿಗೇ ಹೋಯಿತು. ಅಂಥಲ್ಲಿ ಮುಚ್ಚಿಡುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಟವರಿನ ಲಾಗ್‌ನಲ್ಲಿ ನಿಮಿಷ ಸಮೇತ ಎಲ್ಲವೂ ಇರುತ್ತದೆ. ಟವರ್ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಆ ಲಾಗ್ ಬರೆಯುವವರೇ ಇಲ್ಲ. ಹೆಚ್ಚು ಶಿಸ್ತು ಬೇಕಾದದ್ದು ಅಲ್ಲಿಯೇ.

ವಿಮಾನದಲ್ಲಿರುವ ತುರ್ತು ಸಂಕೇತದ ಸಾಧನ ಇಎಲ್‌ಟಿಯನ್ನೂ ಮರೆಯಬೇಡಿ. ಜೋರಾಗಿ ನೆಲಕ್ಕೆ ಬಡಿದಾಗ ಅದು ತಾನಾಗಿ ಚಾಲೂ ಆಗಿರಬಹುದು. ಅದರ 406 ಮೆಗಾಹರ್ಟ್ಸ್ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ ಮುಟ್ಟುತ್ತದೆ, ಅಲ್ಲಿಂದ ಪಾರುಗಾಣಿಕಾ ಸಮನ್ವಯ ಕೇಂದ್ರಕ್ಕೆ ಹೋಗುತ್ತದೆ. ಅಂದರೆ ಇಲ್ಲಿ ಹ್ಯಾಂಗರಿನ ಬಾಗಿಲು ಎಳೆಯುವ ಹೊತ್ತಿಗೆ ಬೆಂಗಳೂರಿನವರಿಗೆ ಸುದ್ದಿ ತಲುಪಿರುವ ಸಾಧ್ಯತೆಯೂ ಉಂಟು. ರೇಡಿಯೊದಲ್ಲಿ 121.5 ಹಾಕಿ ಕೇಳಿದರೆ ಇಎಲ್‌ಟಿ ಕೂಗುತ್ತಿದೆಯೇ ಎಂದು ತಿಳಿಯುತ್ತದೆ.

ಕೊತ್ರೂಡ್ ವಾಸಿ:

ಎಲ್ಲರಿಗೂ ಋಣಿಯಾಗಿದ್ದೇನೆ. ಮಗಳು ತನ್ನದೇ ಹೇಳಿಕೆ ಬರೆದಿದ್ದಾಳೆ. ಅವಳ ಗೆಳತಿಯೊಬ್ಬಳು ಆ ದಿನವೇ ತೆಗೆದ ಫೋಟೊಗಳಲ್ಲಿ ರನ್‌ವೇ ಮೇಲಿನ ಗೀರುಗಳು ಕಾಣುತ್ತವೆ. ಪಕ್ಕದಲ್ಲಿ ಬಿದ್ದಿರುವ ನೀರಿನ ಬಾಟಲಿಗೆ ಹೋಲಿಸಿದರೆ ಅಂತರ ಬೆರಳಗಲಕ್ಕಿಂತ ಎಷ್ಟೋ ಹೆಚ್ಚಿದೆ. ಈಗ ಇನ್ನೊಂದು ಪ್ರಶ್ನೆ. ಪೊಲೀಸರಿಗೂ ತಿಳಿಸಬೇಕು ಎಂದು ಒಬ್ಬರು ಹೇಳಿದರು. ಅಷ್ಟಕ್ಕೆಲ್ಲ ಠಾಣೆ ಮೆಟ್ಟಿಲು ಹತ್ತಬೇಕೇ ಎಂದು ಮನೆಯಲ್ಲಿ ಹೆದರುತ್ತಿದ್ದಾರೆ.

ವಕೀಲ, ದಾದರ್:

ಹೆದರಬೇಕಾದದ್ದಿಲ್ಲ ಸರ್. ಅಪಘಾತವಾಗಲಿ ಗಂಭೀರ ಘಟನೆಯಾಗಲಿ ನಡೆದರೆ ಪೈಲಟ್, ಮಾಲೀಕ ಅಥವಾ ಆಪರೇಟರ್ ಸಾಧ್ಯವಾದಷ್ಟು ಬೇಗ, ತಮಗೆ ತಿಳಿದ 24 ಗಂಟೆಯೊಳಗೆ, ಎಎಐಬಿಗೂ ಡಿಜಿಸಿಎಗೂ ತಿಳಿಸಬೇಕು. ಭಾರತದೊಳಗಿನ ಅಪಘಾತವಾದರೆ ಜಿಲ್ಲಾ ದಂಡಾಧಿಕಾರಿಗೂ ಹತ್ತಿರದ ಠಾಣಾಧಿಕಾರಿಗೂ ಮಾಹಿತಿ ಕೊಡಬೇಕು. ಇದು ದೂರು ಕೊಡುವುದಲ್ಲ, ಬರೀ ಮಾಹಿತಿ. ಸಾಮಾನ್ಯವಾಗಿ ಶಾಲೆಯ ಕಡೆಯಿಂದಲೇ ಇದು ಹೋಗಬೇಕು. ಅವರು ಮಾಡದಿದ್ದರೆ ವಿಮಾನದಲ್ಲಿ ಒಬ್ಬಳೇ ಇದ್ದ ಪೈಲಟ್ ಆಗಿ ನಿಮ್ಮ ಮಗಳ ಮೇಲೂ ಆ ಹೊಣೆ ಇದೆ ಎಂಬುದನ್ನು ಮರೆಯಬೇಡಿ. ಗಡುವು ಮೀರಿದ್ದರೂ ತಡವಾಗಿ ತಿಳಿಸುವುದು ತಿಳಿಸದೆ ಇರುವುದಕ್ಕಿಂತ ಎಷ್ಟೋ ಮೇಲು. ಮುಂಬೈಯಲ್ಲಿರುವ ಡಿಜಿಸಿಎಯ ಏರ್ ಸೇಫ್ಟಿ ವಿಭಾಗಕ್ಕೆ ಇಮೇಲ್ ಮಾಡಿ, ಎಎಐಬಿಗೆ ಪ್ರತಿ ಕಳುಹಿಸಿ, ತಡಕ್ಕೆ ಕಾರಣವನ್ನು ಇದ್ದದ್ದು ಇದ್ದ ಹಾಗೆ ಎರಡು ಸಾಲಿನಲ್ಲಿ ಬರೆಯಿರಿ.

ವಿಮಾನ ಹೊಲದಲ್ಲಿ ಇಳಿದ ಸಂದರ್ಭ ಬೇರೆ. 2022ರ ಜುಲೈನಲ್ಲಿ ಇಂದಾಪುರ ತಾಲ್ಲೂಕಿನ ಕಡ್ಬನವಾಡಿಯಲ್ಲಿ ಒಂದು ತರಬೇತಿ ವಿಮಾನ ಹೊಲಕ್ಕೆ ಬಿದ್ದಿತ್ತು. ಅಂಥಲ್ಲಿ ಮೊದಲು ಬರುವವರು ಊರಿನ ಜನ, ಆಮೇಲೆ ಪೊಲೀಸ್ ಪಾಟೀಲರು, ಆಮೇಲೆ ಠಾಣೆಯವರು. ಅವರು ಪಂಚನಾಮೆ ಮಾಡಿಯೇ ಮಾಡುತ್ತಾರೆ, ಮಾಡಲಿ. ವಿಮಾನದ ಭಾಗಗಳನ್ನು ಟ್ರ್ಯಾಕ್ಟರಿಗೆ ಹಾಕಿ ಠಾಣೆಗೆ ಒಯ್ಯುತ್ತೇವೆ ಎಂದರೆ ಮಾತ್ರ ಎಎಐಬಿ ಅನುಮತಿ ಬೇಕೆಂದು ವಿನಯದಿಂದ ಹೇಳಿ. ಕಾವಲು ಕೊಡಿ ಎಂದು ಕೇಳಿದರೆ ಅವರೂ ಸಂತೋಷದಿಂದ ಒಪ್ಪುತ್ತಾರೆ, ಏಕೆಂದರೆ ಆ ಹೊತ್ತಿಗೆ ಊರಿನ ಮಕ್ಕಳೆಲ್ಲ ರೆಕ್ಕೆಯ ಮೇಲೆ ಹತ್ತಲು ಕಾಯುತ್ತಿರುತ್ತಾರೆ.

ಎಎಐಬಿ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಡೆಯುವುದು, ತಪ್ಪು ಹೊರಿಸುವುದಲ್ಲ ಎಂದು 13ನೇ ಅನುಬಂಧವೇ ಹೇಳುತ್ತದೆ. ಡಿಜಿಸಿಎಗೆ ಕ್ರಮ ಕೈಗೊಳ್ಳುವ ಅಧಿಕಾರ ಬೇರೆಯೇ ಇದೆ, ಅದನ್ನು ಮರೆಮಾಚುವುದಿಲ್ಲ. ಆದರೆ ವಿದ್ಯಾರ್ಥಿನಿಯೊಬ್ಬಳ ಪುಟಿದ ಲ್ಯಾಂಡಿಂಗ್‌ಗೆ ಹೆಚ್ಚುವರಿ ತರಬೇತಿ ಸೂಚಿಸುವುದು ಒಂದು, ಸುಳ್ಳು ಹೇಳಿಕೆಗೆ ಸಹಿ ಹಾಕಿ ಸಿಕ್ಕಿಬೀಳುವುದು ಇನ್ನೊಂದು. "ಲೈಸೆನ್ಸಿಗೆ ತೊಂದರೆ" ಎಂಬ ಬೆದರಿಕೆ ನಿಜವಾಗುವುದು ಎರಡನೆಯದರಲ್ಲಿ.

ಹಡಪ್ಸರ್ ಗ್ಲೈಡರ್:

ಡಿಜಿಸಿಎಯೇ ನಡೆಸುವ ಹಡಪ್ಸರದ ಗ್ಲೈಡಿಂಗ್ ಕೇಂದ್ರದಲ್ಲಿ ಹಾರಿದವನು ನಾನು. ಶಾಲೆಗಳು ಹೀಗೇಕೆ ಮಾಡುತ್ತವೆ ಎಂಬುದೂ ಚರ್ಚೆಯಾಗಲಿ. 2023ರ ಅಕ್ಟೋಬರ್ 19 ಮತ್ತು 22ರಂದು ಬಾರಾಮತಿ ಬಳಿ ಒಂದೇ ಶಾಲೆಯ ಎರಡು ತರಬೇತಿ ವಿಮಾನಗಳು ಬಿದ್ದಾಗ ಆ ಶಾಲೆಯ ತರಬೇತಿಯನ್ನೇ ನಿಲ್ಲಿಸಲಾಯಿತು. 2025ರಿಂದ ಡಿಜಿಸಿಎ ತರಬೇತಿ ಶಾಲೆಗಳಿಗೆ ಶ್ರೇಣಿಯನ್ನೂ ಕೊಡುತ್ತಿದೆ, ಅದರಲ್ಲಿ ಸುರಕ್ಷತೆಯೂ ಒಂದು ಮಾನದಂಡ. ಉದ್ದೇಶ ಒಳ್ಳೆಯದೇ. ಆದರೆ ವರದಿ ಮಾಡಿದ ಶಾಲೆಯ ಅಂಕ ಇಳಿದು, ಮುಚ್ಚಿಟ್ಟ ಶಾಲೆಯ ಅಂಕ ಹಾಗೆಯೇ ಉಳಿಯುವಂತಾದರೆ ಮುಂದಿನ ವರ್ಷ ಹ್ಯಾಂಗರಿನ ಬಾಗಿಲುಗಳು ಇನ್ನೂ ಬೇಗ ಮುಚ್ಚಿಕೊಳ್ಳುತ್ತವೆ. ಎಷ್ಟು ಘಟನೆ ವರದಿಯಾದವು ಎಂಬುದಕ್ಕಿಂತ, ವರದಿಯಾದ ಮೇಲೆ ಶಾಲೆ ಏನು ಬದಲಿಸಿತು ಎಂಬುದನ್ನು ಎಣಿಸಬೇಕೆಂಬುದು ನನ್ನ ಅಭಿಪ್ರಾಯ.

ಏರ್‌ಸ್ಟ್ರಿಪ್ ಮೇಲ್ವಿಚಾರಕ:

ಈ ಮಾತು ನನಗೂ ಒಪ್ಪಿಗೆ. ನಮ್ಮ ಕಚೇರಿಯ ಗೋಡೆಗೆ ಒಂದು ಹಾಳೆ ಅಂಟಿಸಲು ಹೊರಟಿದ್ದೇನೆ: ಡಿಜಿಸಿಎ ಏರ್ ಸೇಫ್ಟಿ, ಎಎಐಬಿ, ಜಿಲ್ಲಾಧಿಕಾರಿ ಕಚೇರಿ, ಠಾಣೆ, ಹತ್ತಿರದ ಅಗ್ನಿಶಾಮಕ ದಳ, ಆಸ್ಪತ್ರೆ ಇವುಗಳ ನಂಬರು. ಜೊತೆಗೆ ಒಂದು ಅಳತೆ ಟೇಪು, ಸುಣ್ಣದ ಪುಡಿ, ಹಗ್ಗ ಇಡುತ್ತೇನೆ. ಪೈಲಟ್‌ನ ಮದ್ಯ ಪರೀಕ್ಷೆಯ ವಿಷಯದಲ್ಲಿ ಮಾತ್ರ ಗೊಂದಲವಿದೆ. ವಿದ್ಯಾರ್ಥಿನಿಯನ್ನು ಅದಕ್ಕೆ ಕರೆದೊಯ್ಯುವುದು ಅವಮಾನ ಎಂದು ಪಾಲಕರು ಜಗಳಕ್ಕೆ ಬರುತ್ತಾರೆ.

ಇನ್‌ಸ್ಟ್ರಕ್ಟರ್, ಪುಣೆ ಗ್ರಾಮಾಂತರ:

ಅದು ಅವಮಾನವಲ್ಲ, ರಕ್ಷಣೆ. ಹಾರಾಟಕ್ಕೆ ಮೊದಲಿನ 12 ಗಂಟೆ ಮದ್ಯ ಮುಟ್ಟಬಾರದು ಎಂಬ ನಿಯಮ ಎಲ್ಲರಿಗೂ ಒಂದೇ, ಘಟನೆಯ ನಂತರದ ಪರೀಕ್ಷೆಯೂ ಡಿಜಿಸಿಎ ಹೇಳಿದ ಕ್ರಮವೇ. ಅದೇ ದಿನ ಪರೀಕ್ಷೆ ಮಾಡಿಸಿ ಕಾಗದ ಕೈಯಲ್ಲಿಟ್ಟುಕೊಂಡರೆ ನಾಳೆ ಯಾರೂ ಬಾಯಿಗೆ ಬಂದದ್ದು ಆಡುವಂತಿಲ್ಲ. ಹಾಗೆಯೇ ಕುತ್ತಿಗೆ, ಬೆನ್ನು ನೋವಿಲ್ಲವೆಂದರೂ ವೈದ್ಯರಿಗೆ ತೋರಿಸಿ. ಮೂಗು ಮೊದಲು ಬಡಿದವರಿಗೆ ನೋವು ಕಾಣಿಸಿಕೊಳ್ಳುವುದು ಮರುದಿನ ಬೆಳಿಗ್ಗೆ.

ವಿದ್ಯಾರ್ಥಿ, ಮುಂಬೈ:

ಒಂದು ಚಿಕ್ಕ ಸಂದೇಹ ಸರ್. ಆ ಹಾರಾಟದ ಸಮಯವನ್ನು ಲಾಗ್‌ಬುಕ್ಕಿನಲ್ಲಿ ಬರೆಯಬಹುದೇ? ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಬೇಕಾದ 200 ಗಂಟೆಗಳಲ್ಲಿ ಅದು ಸೇರುತ್ತದೆಯೇ? ನಮ್ಮ ಬ್ಯಾಚಿನಲ್ಲಿ "ಘಟನೆಯಾದ ಹಾರಾಟ ಬರೆಯಬಾರದು, ಕಣ್ಣಿಗೆ ಬೀಳುತ್ತದೆ" ಎಂಬ ಮಾತಿದೆ.

ನಿವೃತ್ತ ಎಎಂಇ, ಸಾಂತಾಕ್ರೂಜ್:

ಹಾರಿದ್ದರೆ ಬರೆಯಬೇಕು, ಸೇರಿಯೇ ಸೇರುತ್ತದೆ. ವಿಮಾನದ ಜರ್ನಿ ಲಾಗ್‌ನಲ್ಲಿ ಹೊರಟ ಸಮಯವೂ ಇಳಿದ ಸಮಯವೂ ಇರುವಾಗ ನಿಮ್ಮ ಪುಸ್ತಕದಲ್ಲಿ ಆ ದಿನ ಖಾಲಿ ಬಿಟ್ಟರೆ ಮೊದಲು ಕಣ್ಣಿಗೆ ಬೀಳುವುದೇ ಆ ಖಾಲಿ. ಷರಾ ಅಂಕಣದಲ್ಲಿ ಲ್ಯಾಂಡಿಂಗ್ ವೇಳೆ ಪ್ರೊಪೆಲ್ಲರ್ ನೆಲಕ್ಕೆ ತಾಗಿತು ಎಂದು ಒಂದೇ ಸಾಲು ಬರೆದು, ವರದಿ ಕಳುಹಿಸಿದ ದಿನಾಂಕವನ್ನೂ ಅದರ ಪಕ್ಕದಲ್ಲೇ ಹಾಕಿ.